ಒಂದಿಟ್ಟಿಗೆ

ಹೆಬ್ಬಾಳು ಎರಡನೇ ಹಂತ, ಮೂವತ್ತು ನಲವತ್ತರ ಸೈಟು.
ಬಲಪಕ್ಕ ಒಬ್ಬರೇ ನಡೆಯುವಷ್ಟು ಓಣಿ.
ಅಲ್ಲಿ, ಒಗೆಯುವ ಕಲ್ಲು ದಾಟಿದರೆ
ಅರ್ಧ ಮೆಟ್ಟಿಲ ಕೆಳಗೆ, ಅರ್ಧ ಹೊರಗೆ
ನಮ್ಮ ಚೇಂಬರು.

ಮುಚ್ಚಳ ಎತ್ತಲು ಮಂಡಿಯೂರಬೇಕು,
ತಲೆ ಎತ್ತಿದರೆ ಮೆಟ್ಟಿಲು ಬಡಿಯುತ್ತದೆ.
ದೇವರ ಮುಂದೂ ನಾನು ಇಷ್ಟು ಬಾಗಿದವಳಲ್ಲ.

ಈಶಾನ್ಯದಲ್ಲಿ ಕೊಳೆನೀರು ಕೂಡದು
ಎಂದಿದ್ದರು ವಾಸ್ತು ನೋಡಿದವರು.
ಬೀದಿಯ ಯುಜಿಡಿ ಇದ್ದದ್ದು ಈಶಾನ್ಯದಲ್ಲೇ.
ಹಾಗಾಗಿ ನೀರು ಮೊದಲು ಹಿಂದಕ್ಕೆ ಹೋಗಿ
ಮೂರು ಮೂಲೆ ತಿರುಗಿ
ಪ್ರದಕ್ಷಿಣೆ ಮುಗಿಸಿ ಗೇಟಿಗೆ ಬರಬೇಕು.
ನೀರಿಗೆ ದಿಕ್ಕು ಗೊತ್ತಿಲ್ಲ,
ಗೊತ್ತಿರುವುದು ಇಳಿಜಾರು.

ಹಂಚ್ಯದ ಅಂದಾನಿ ಮೇಸ್ತ್ರಿ
ಕೊಳವೆಗೆ ನೀರು ತುಂಬಿ ಮಟ್ಟ ಹಿಡಿದು
'ಒಂದಿಟ್ಟಿಗೆ ತಗ್ಬೇಕು ಕಣಮ್ಮ,
ಆಚೆ ಬಾಯಿ ಎತ್ತರಾಯ್ತದೆ' ಅಂದ.
ಗೃಹಪ್ರವೇಶಕ್ಕೆ ಒಂಬತ್ತೇ ದಿನ, ಪತ್ರಿಕೆ ಹಂಚಿಯಾಗಿತ್ತು.
ನಮ್ಮವರು ಗಡಿಯಾರ ನೋಡಿದರು.
ನಾನು ಅಂದೆ: ಯಾರಿಗೆ ಕಾಣುತ್ತೆ, ಬಿಡಿ.

ಹದಿನಾರು ವರ್ಷ ಅದು ಕಂಡಿದ್ದು ನನಗೊಬ್ಬಳಿಗೆ.

ಚಪ್ಪಟೆ ತಳ, ನಾಲ್ಕು ಮೂಲೆ.
ಬಂದ ನೀರು ಹೋಗಲು ದಾರಿ ಕಾಣದೆ
ತಾಲ್ಲೂಕು ಕಚೇರಿಯ ಬೆಂಚಿನಲ್ಲಿ ಕೂತವರ ಹಾಗೆ
ಕೂತೇ ಇರುತ್ತದೆ, ಕೂತು ಕೆನೆಗಟ್ಟುತ್ತದೆ.
ಕಾಫಿ ಗಸಿ, ಕೂದಲ ಉಂಡೆ, ಸೀಗೆಪುಡಿ,
ಒಬ್ಬಟ್ಟಿನ ಮರುದಿನದ ಎಣ್ಣೆ,
ಚೆಲ್ಲಿದೆನೆಂದು ಯಾರೂ ಒಪ್ಪದ ಅನ್ನ.
ನಾದಿನಿ ಬಾಣಂತನಕ್ಕೆ ಬಂದ ವರ್ಷ ವಾರಕ್ಕೆರಡು ಸಲ ಉಕ್ಕಿತು.
ಹಬ್ಬದ ಹಿಂದಿನ ರಾತ್ರಿ ಮಾತ್ರ
ಒಮ್ಮೆಯೂ ತಪ್ಪಿಸಿಲ್ಲ, ಪಾಪ.

ಕೈ ಹಾಕಲು ಜನ ಸಿಗ್ತಾರೆ ಅಂದರು ಪಕ್ಕದ ಜಯಶೀಲಾ.
ನಮ್ಮ ಮನೆಯದು, ನಮ್ಮ ಕೈಯೇ ಸಾಕು ಅಂದೆ.
ಬಿದಿರ ದಬ್ಬೆ, ಮೊಣಕೈವರೆಗೆ ಗವಸು, ಮೂಗಿಗೆ ಹಳೆ ದುಪಟ್ಟಾ.

ಹೋದ ತಿಂಗಳು ಅಂದಾನಿಗೆ ಫೋನು ಮಾಡಿದೆ.
ಕಣ್ಣು ಮಂಜಾಗಿದೆ ಅವನಿಗೆ,
ಮಗಳು ಚಿಕ್ಕತಾಯಿ ಸ್ಕೂಟರಿನಲ್ಲಿ ಕರೆತಂದಳು.
ಅವಳೂ ನಾನೂ ಗೇಟಿನವರೆಗೆ ಅಗೆದೆವು,
ಅವನು ಮೆಟ್ಟಿಲ ಮೇಲೆ ಕೂತು
ಬಾಯಲ್ಲೇ ಕಟ್ಟಿಸಿದ:
'ತಳಕ್ಕೆ ಅರ್ಧ ಸೀಳಿದ ಪೈಪು, ದೋಣಿಯಂಗೆ.
ಎರಡು ಪಕ್ಕ ಗಾರೆ ಇಳಿಜಾರು,
ಸವರಿದ್ರೆ ಬೆರಳು ಜಾರ್ಬೇಕು.
ಆಚೆ ಬಾಯಿ ಒಂದಿಟ್ಟಿಗೆ ಕೆಳಕ್ಕೆ.'

ಅವತ್ತೇ ಹೇಳಿದ್ದೆ ಅನ್ನುತ್ತಾನೆಂದು ಕಾದೆ.
ಅನ್ನಲಿಲ್ಲ.
ಇನ್ನೊಂದು ಲೋಟ ಟೀ ಕೇಳಿದ.

ಗಾರೆ ಒಣಗಿದ ಮೇಲೆ ಅರಿಶಿನಕ್ಕೆ ಸುಣ್ಣ ಕದಡಿ,
ಆರತಿಗೆ ಮಾಡುವ ಓಕುಳಿ, ಒಂದು ಬಕೆಟ್,
ಮೇಲಿನ ಬಚ್ಚಲಿಗೆ ನಮ್ಮವರು ಸುರಿದರು.
ಕೆಳಗೆ ನಾನು ಮಂಡಿಯೂರಿ ಎಣಿಸುತ್ತಿದ್ದೆ.
ಹನ್ನೊಂದಕ್ಕೆ ಕೆಂಪು ಬಂತು.
ನಿಲ್ಲಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಎದ್ದಾಗ, ಅಭ್ಯಾಸಬಲ, ತಲೆಗೆ ಮೆಟ್ಟಿಲು ಬಡಿಯಿತು.

ಮುಚ್ಚಳ ಇನ್ನೂ ಸರಿಯಾಗಿ ಕೂರುವುದಿಲ್ಲ,
ಕಾಲಿಟ್ಟರೆ ಟಕ್ ಅನ್ನುತ್ತದೆ.
ತೇಯಿಸೋಣವೇ ಅಂತ ಕೇಳಿದಳು ಚಿಕ್ಕತಾಯಿ.
ಇರಲಿ ಬಿಡು ಅಂದೆ.
ಓಣಿಯಲ್ಲಿ ಯಾರಾದರೂ ಬಂದರೆ ಗೊತ್ತಾಗುತ್ತದೆ.