ಒಂದೇ ಒರೆಯಲ್ಲಿ

ನನ್ನ ಜೇಬಲ್ಲಿ ಒಂದೇ ಚಾಕುವಿಗಾಗುವಷ್ಟು ದುಡ್ಡು.
ಕಾಡಿನ ಕೆಲಸಕ್ಕೆ ಸೇರಲು ಇನ್ನು ಒಂಬತ್ತು ದಿನ.
ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೇ ತಪ್ಪಾಯಿತು,
ಅದೂ ಹಿಲ್ಪಾಳ ಅಡುಗೆಮನೆಯಲ್ಲಿ, ಗಂಡ ಔಲಾ ಎದುರಿಗಿರುವಾಗ.

ಕಾಫಿ ಆರಲು ಬಿಟ್ಟು ಇಬ್ಬರೂ ಎದ್ದರು.
ಕೈನು ಸೀಮೆಯ ನವೆಂಬರು; ಮೂರಕ್ಕೆಲ್ಲ ಮಬ್ಬು.
ಕರಗಲೋ ಬೇಡವೋ ಎಂದು ಪಾಚಿಯ ಮೇಲೆ ಕೂತ ಹಿಮ.
ಸ್ಪ್ರೂಸ್ ಮರಗಳ ನಡುವೆ ಒಂದು ಕೊರಡು,
ಕೊರಡಿನ ಮೇಲೆ ಮೂರು ಅಲಗು.

ಹಿಲ್ಪಾಳದು ಪುಕ್ಕೊ. ಬೆರಳಿಗಿಂತ ತುಸು ಉದ್ದ.
ಬರ್ಚ್ ಮರದ ಗಂಟಿನ ಹಿಡಿ
ಮೂವತ್ತು ವರ್ಷದ ಬೆವರು ಕುಡಿದು ಜೇನಿನ ಬಣ್ಣ.
ಸೇಬು ಕೊಯ್ದು ಒರೆಸದೆ ಇಟ್ಟರೆ
ಸಂಜೆಯೊಳಗೆ ಮುನಿಸಿಕೊಂಡು ಕಪ್ಪಾಗುವ ಉಕ್ಕು.

ಔಲಾನದು ಲೆವುಕು, ಉತ್ತರದ ಸಾಮಿ ಜನರದು.
ಗೇಣುದ್ದದ ಅಲಗು. ಗವಸು ತೊಟ್ಟ ಕೈಯಿಂದಲೂ ಜಾರದಂತೆ
ಹಿಡಿಯ ಬುಡ ಅಗಲ.
ಅವನ ಅಪ್ಪ ಇದರಲ್ಲೇ ಗುಡಾರದ ಗಳ ಕಡಿದದ್ದು,
ಹಿಮಸಾರಂಗದ ಮೂಳೆ ಒಡೆದದ್ದು, ಒಮ್ಮೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ್ದೂ ಇದರಲ್ಲೇ.

ಮೂರನೆಯದು ಅಂಗಡಿಯವನು ನೋಡಿ ತಾ ಎಂದು ಕೊಟ್ಟದ್ದು:
ಕರಿ ಬಳಿದದ್ದು, ಐದು ಮಿಲಿಮೀಟರ್ ದಪ್ಪ,
ಮೊನೆಯಿಂದ ಹಿಡಿಯ ಕೊನೆಯವರೆಗೂ ಒಂದೇ ಉಕ್ಕು, ಮೇಲೆ ರಬ್ಬರು.
ಪೆಟ್ಟಿಗೆಯ ಮೇಲೆ ಬಾಯಿ ತೆರೆದ ಕರಡಿಯ ಚಿತ್ರ.
"ಕರಡಿಗೆ ಕ್ಷೌರ ಮಾಡಲಿಕ್ಕಿದೆಯೇನೆ?" ಅಂದಳು ಹಿಲ್ಪಾ.

ಮಡಚುವ ಚಾಕುವನ್ನು ಕಾಡಿಗೆ ತರಬೇಡ,
ಇಬ್ಬರೂ ಒಪ್ಪಿದ್ದು ಇದೊಂದೇ ಮಾತು.

ಬೆನ್ನಿಗೆ ದೊಣ್ಣೆ ಬಿದ್ದಾಗ ಲೆವುಕು
ಬರ್ಚ್ ತುಂಡನ್ನು ಎರಡಾಗಿಸಿತು, ನಾಲ್ಕಾಗಿಸಿತು.
ಕರಿಯದೂ ಸೀಳಿತು, ಕೊಡಲಿಯ ಮೊಮ್ಮಗನಂತೆ ಬೀಗುತ್ತ.
ಪುಕ್ಕೊ ಸುಮ್ಮನೆ ನೋಡುತ್ತ ಕೂತಿತ್ತು.
"ನೋಡಿದೆಯಾ" ಅಂದ ಔಲಾ, ನನಗಲ್ಲ.

"ಸೌದೆ ಇದ್ದರಾಯಿತೇ? ಹೊತ್ತಿಸುವವರು ಯಾರು?"
ಹಿಲ್ಪಾ ಮಂಡಿಯೂರಿದಳು. ಕಡ್ಡಿಯ ಮೇಲೆ ಅಲಗು ಇಳಿಯಿತು,
ಒತ್ತಲಿಲ್ಲ, ಇಳಿಯಿತು ಅಷ್ಟೆ.
ಸುರುಳಿ ಮೇಲೆ ಸುರುಳಿ, ಕೂಸಿನ ತಲೆಗೂದಲಿನಷ್ಟು ತೆಳು.
ಒಂದು ಕಿಡಿ ಸಾಕಾಯಿತು.
ಔಲಾ ಬೆಂಕಿಗೆ ಕೈ ಕಾಯಿಸಿಕೊಂಡ. ಹೊಗಳಲಿಲ್ಲ.

ಕರಿಯದರಲ್ಲಿ ನಾನು ಹೆರೆಯಲು ಹೋದೆ.
ಹಲ್ಲು ಕಚ್ಚಿ ಆಡುವವರ ಮಾತಿನ ಹಾಗೆ ತುಂಡು ತುಂಡು.
ಇನ್ನಷ್ಟು ಒತ್ತಿದೆ. ಜಾರಿತು.
ಪಾಚಿಯ ಮೇಲೆ ಲಿಂಗನ್‌ಬೆರ್ರಿಯಂತೆ ನಾಲ್ಕು ಹನಿ,
ಹೆಬ್ಬೆರಳು ನನ್ನದೇ ಎಂದು ತಿಳಿದದ್ದು ಆಮೇಲೆ.

ಬಟ್ಟೆ ಸುತ್ತುತ್ತ ಹಿಲ್ಪಾ ತನ್ನ ಅಂಗೈ ತೋರಿಸಿದಳು.
"ಇದು ಹರಿತದ್ದು ಕೊಯ್ದದ್ದು", ಎಲ್ಲಿ ಎಂದು ಹುಡುಕಬೇಕು.
"ಇದು ಮೊಂಡು", ಉಬ್ಬಿ, ಸೊಟ್ಟಗೆ, ಇನ್ನೂ ಕೆಂಪು.
ಯಾವ ವರ್ಷದ್ದೆಂದು ಕೇಳಿದೆ.
ಔಲಾ ಸೌದೆ ಆರಿಸಲು ಆಚೆ ನಡೆದ.

ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸವು ಅನ್ನುತ್ತದೆ ಗಾದೆ.
ಗಾದೆ ಕಟ್ಟಿದವರು
ಈ ಮನೆಯ ಬಾಗಿಲ ಹಿಂದಿನ ಮೊಳೆ ನೋಡಿಲ್ಲ:
ಸಾರಂಗದ ತೊಗಲಿನ ಒರೆ, ದೊಡ್ಡದರ ಹೊಟ್ಟೆಯ ಮೇಲೆ
ಸಣ್ಣದಕ್ಕೊಂದು ಜೇಬು ಹೊಲಿದದ್ದು.
ಹೊಲಿಗೆ ಎರಡು ಸಲ ಬಿಚ್ಚಿ, ಎರಡು ಬಣ್ಣದ ದಾರದಲ್ಲಿ
ಮತ್ತೆ ಹಾಕಿದ್ದು.

ರಾತ್ರಿ ಅಲ್ಲೇ ಮಲಗಿದೆ.
ಬೆಳಗ್ಗೆ ಎದ್ದಾಗ ಒರೆ ಖಾಲಿ.
ಕಿಟಕಿಯಾಚೆ ಹಿಲ್ಪಾ, ಕಾಲಗಲಿಸಿ ನಿಂತು
ಲೆವುಕಿಗೆ ದೊಣ್ಣೆಯಿಂದ ಬಡಿಯುತ್ತಿದ್ದಾಳೆ, ಬೈಯುತ್ತಲೂ ಇದ್ದಾಳೆ.
ಒಲೆಯ ಮುಂದೆ ಔಲಾ, ಅಷ್ಟು ದೊಡ್ಡ ಕೈಯಲ್ಲಿ ಪುಕ್ಕೊ,
ನಾಲಗೆಯ ತುದಿ ಹೊರಗೆ ಚಾಚಿ
ಸುರುಳಿ ಎಬ್ಬಿಸುತ್ತಿದ್ದಾನೆ. ಅವಳಷ್ಟು ತೆಳುವಾಗಿ ಅಲ್ಲ.

ನನ್ನ ಕಂಡು ಬೆನ್ನು ತಿರುಗಿಸಿದ.
ನಾನೂ ಏನೂ ಕಾಣದವಳಂತೆ ಕಾಫಿಗೆ ನೀರಿಟ್ಟೆ.
ಹೆಬ್ಬೆರಳಲ್ಲಿ ನಾಡಿ ಬಡಿಯುತ್ತಿತ್ತು.
ಕರಿಯದನ್ನು ಇವತ್ತೇ ಅಂಗಡಿಗೆ ಮುಟ್ಟಿಸಬೇಕು,
ಹಿಡಿಯ ರಬ್ಬರಿನ ಗೆರೆಗಳಿಂದ
ರಕ್ತ ತೊಳೆದು.