ಹೊಸ ಸದಸ್ಯರಿಗೆ ಲಾಯ ತೋರಿಸುತ್ತಾ

ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿಯಿರಿ, ಸೆನ್ಯೊರಾ ಯಾಕ್ಸಿಚ್.
ಪುಂತಾ ಅರೇನಾಸಿನ ಗಾಳಿ ಚಂದಾ ಕಟ್ಟಿದ್ದಿಲ್ಲ,
ಆದರೂ ಎಲ್ಲರಿಗಿಂತ ಮೊದಲು ಒಳಗೆ ಬರುವುದು ಅದೇ.

ಗೋಡೆಯ ಮೇಲಿರುವವರು ಸಂಸ್ಥಾಪಕರು.
ಸಾವಿರದ ಒಂಬೈನೂರ ಹನ್ನೊಂದು. ಹದಿನಾಲ್ಕು ಮೀಸೆ,
ಅರ್ಧ ಸ್ಕಾಟ್ಲೆಂಡಿನವು, ಅರ್ಧ ದಾಲ್ಮೇಷಿಯಾದವು,
ಎಲ್ಲವೂ ಉಣ್ಣೆಯ ದುಡ್ಡಿನಲ್ಲಿ ಹುರಿಗೊಂಡವು.
ನಡುವೆ ಡನೆಟ್ ದೊರೆ. ಪಕ್ಕದ ಕುದುರೆ
ಪಟ ತೆಗೆಯುವಾಗ ಕತ್ತು ಕೊಡವಿದೆ,
ಮುಖವಿಲ್ಲ, ಹೊಗೆ ಮಾತ್ರ ಉಳಿದಿದೆ.
ಅದರ ಲಗಾಮು ಹಿಡಿದ ಕೈ
ಮೊಣಕೈ ಮುಟ್ಟುವ ಮೊದಲೇ ಚೌಕಟ್ಟಿಗೆ ಸಿಕ್ಕು ಮುಗಿಯುತ್ತದೆ.
ಅದು ನಿನ್ನ ಅಜ್ಜನ ಕೈ ಎನ್ನುತ್ತಿದ್ದಳು ಅಮ್ಮ:
ಚಿಲೋಯೆ ದ್ವೀಪದಿಂದ ಉಣ್ಣೆ ಕತ್ತರಿಸಲು ಬಂದವನು
ಕುದುರೆ ಉಜ್ಜುತ್ತಾ ಉಳಿದುಬಿಟ್ಟನಂತೆ.
ನಂಬಿದ್ದೇನೆ. ಹೆಬ್ಬೆರಳು ನನ್ನದರ ಹಾಗೇ ಸೊಟ್ಟ.

ಹೀಗೆ ಬನ್ನಿ. ನಲವತ್ತೆರಡು ಗೂಡು, ಮೂವತ್ತೊಂದು ಭರ್ತಿ.
ನೀರಿನ ಕೊಳವೆಗೆ ಉಣ್ಣೆಬಟ್ಟೆ ಸುತ್ತಿದ್ದೇವೆ,
ಜುಲೈನಲ್ಲಿ ಸಾಲದು, ಸುತ್ತಿಗೆಯಿಂದ ಮಂಜು ಒಡೆಯಬೇಕು.
ಇದು ಜೀನುಗಳ ಕೋಣೆ. ಉಸಿರು ಎಳೆದುಕೊಳ್ಳಿ,
ಚರ್ಮ, ಎಣ್ಣೆ, ಬೆವರು; ಇದಕ್ಕೆ ಬಿಲ್ ಇಲ್ಲ.
ಲಾಳಗಾರ ಮಂಗಳವಾರ ಬರುತ್ತಾನೆ, ಕುಡಿದಿದ್ದರೆ ಬುಧವಾರ.
ಮುಚ್ಚಿದ ಅಂಗಳದಲ್ಲಿ ಮರದ ಹೊಟ್ಟು ಗೇಣುದ್ದ ಹಾಸಿದೆ,
ಬಿದ್ದರೆ ಮಾನಕ್ಕೆ ಮಾತ್ರ ಪೆಟ್ಟು.
ಗೋಡೆಗೆ ಕನ್ನಡಿ ಹಾಕಿಸಿದವರು ಹಿಂದಿನ ಅಧ್ಯಕ್ಷರು,
ಸವಾರರು ಬೆನ್ನು ನೆಟ್ಟಗಿದೆಯೇ ನೋಡಿಕೊಳ್ಳಲೆಂದು.
ಆಲ್ಮಿರಾಂತೆ ಇಂದಿಗೂ ಅದರಲ್ಲಿ ಬರುವ ಕುದುರೆಗೆ ದಾರಿ ಬಿಡುತ್ತದೆ.

ಕುದುರೆ ಕಂಡರೆ ಕಾಲುನೋವು ಎನ್ನುವ ಸದಸ್ಯರೂ ಇದ್ದಾರೆ.
ಅವರು ಬರುವುದು ಊಟದ ಮನೆಗೆ, ಕುರಿಮರಿಯ ಸುಟ್ಟ ಪಕ್ಕೆಗೆ.
ತಪ್ಪೇನಿಲ್ಲ, ಛಾವಣಿ ರಿಪೇರಿಯಾಗುವುದು ಅವರ ಕಾಸಿನಲ್ಲೇ.

ನಿಯಮಗಳು ಇಲ್ಲಿವೆ, ಗಾಜಿನೊಳಗೆ.
ಏಳನೆಯದನ್ನು ನಾನು ಓದಬೇಕಿಲ್ಲ:
'ನೌಕರರು ಕುದುರೆ ಏರತಕ್ಕದ್ದಲ್ಲ, ವ್ಯಾಯಾಮಕ್ಕೆ ಹೊರತು.'
ಮೂವತ್ತೆಂಟು ವರ್ಷ ನಾನು ವ್ಯಾಯಾಮ ಮಾಡಿಸಿದ್ದೇನೆ, ಸೆನ್ಯೊರಾ.
ಬೆಳಗಿನ ಐದಕ್ಕೆ, ಜಲಸಂಧಿಯ ದಡದಲ್ಲಿ,
ನೀರು ಇನ್ನೂ ಸೀಸದ ಬಣ್ಣದಲ್ಲಿರುವಾಗ
ಒಂದೊಂದನ್ನೂ ನಾಗಾಲೋಟಕ್ಕೆ ಬಿಟ್ಟು.
ಇದನ್ನು ಸಮಿತಿಗೆ ಹೇಳಬೇಡಿ.
ಹೇಳಿದರೂ ಸರಿ, ಮುಂದಿನ ತಿಂಗಳು ನನಗೆ ನಿವೃತ್ತಿ.

ಊಟದ ಮನೆಯಲ್ಲಿ ಒಂದು ಕ್ಷಣ.
ಈ ಜಮಖಾನದ ತುದಿ ಹಿಡಿಯುತ್ತೀರಾ?
ಎತ್ತಿ. ಇನ್ನೂ ಸ್ವಲ್ಪ.
ನೋಡಿದಿರಾ, ಓಕ್ ಮರದ ನೆಲದಲ್ಲಿ
ಅರ್ಧಚಂದ್ರ, ಅರ್ಧಚಂದ್ರ, ಅರ್ಧಚಂದ್ರ.

ಎಂಬತ್ತೊಂದರ ನವೆಂಬರ್. ರಾತ್ರಿ ಎರಡಕ್ಕೆ
ಲಾಯದ ತಗಡು ಒಂದೇ ಸಲಕ್ಕೆ ಎದ್ದು
ಪುಸ್ತಕದ ಹಾಳೆ ಹಾಗೆ ಹಾರಿ ಹೋಯಿತು.
ಫೋನ್ ಸತ್ತಿತ್ತು. ಅಪ್ಪಣೆ ಯಾರನ್ನು ಕೇಳಲಿ?
ನನಗೆ ಇಪ್ಪತ್ತೆರಡು, ಜೊತೆಗಿದ್ದ ಹುಡುಗ ಎಲಾದಿಯೊಗೆ ಹದಿನೈದು.
ಕಣ್ಣಿಗೆ ಗೋಣಿ ಕಟ್ಟಿ, ಎರಡೆರಡಾಗಿ
ಮುಂಬಾಗಿಲಿನಿಂದಲೇ ನಡೆಸಿಕೊಂಡು ಬಂದೆವು,
ಸದಸ್ಯರ ಬಾಗಿಲಿನಿಂದ.
ಇಪ್ಪತ್ತಾರು ಕುದುರೆ, ತೂಗುದೀಪದ ಕೆಳಗೆ.
ಒಂದು ಮೇಜುಬಟ್ಟೆ ತಿಂದಿತು. ಒಂದು ಡನೆಟ್ ದೊರೆಯ ಮುಖವನ್ನು
ಗಾಜಿನ ಮೇಲೆಯೇ ನೆಕ್ಕಿ ನೆಕ್ಕಿ ಮಸುಕು ಮಾಡಿತು.
ಸೆನಿಸಾ ಎಂಬ ಬೂದು ಹೆಣ್ಣುಕುದುರೆ
ಬೆಂಕಿಗೂಡಿನ ಮುಂದೆ ಮಲಗಿ ಬೆಳಗಿನ ಜಾವಕ್ಕೆ ಈಯಿತು.
ಹಳೆಯ ಅಧ್ಯಕ್ಷರ ಕೋಟಿನಿಂದ ಮರಿಯನ್ನು ಒರೆಸಿದೆ,
ಕೈಗೆ ಸಿಕ್ಕಿದ್ದು ಅದೇ.

ಸಮಿತಿ ಕೂತಿತು. ನನ್ನ ಎರಡು ತಿಂಗಳ ಸಂಬಳ, ಎಲಾದಿಯೊನ ಕೆಲಸ.
ಅರವತ್ತು ಮೀಟರ್ ಜಮಖಾನ ತರಿಸಿದರು.
ಕ್ಲಬ್ಬಿನ ಇತಿಹಾಸದ ಪುಸ್ತಕದಲ್ಲಿ ಆ ವರ್ಷಕ್ಕೆ
'ಗಾಳಿಯಿಂದ ಅಲ್ಪ ಹಾನಿ' ಎಂದಿದೆ, ನೀವೇ ನೋಡಬಹುದು.

ಬಿಡಿ, ಅದು ಹಾಗೇ ಇರಲಿ.
ತುದಿ ಮಡಚದಂತೆ ಮೆಲ್ಲಗೆ ಇಳಿಸಿ,
ಪರಿಚಾರಕಿ ಎಡವುತ್ತಾಳೆ.
ನಿಮ್ಮ ಕುದುರೆ ಹತ್ತೊಂಬತ್ತನೆಯ ಗೂಡಿನಲ್ಲಿದೆ.
ಸೆನಿಸಾಳ ಮರಿಯ ಮೊಮ್ಮಗಳ ಮಗಳು.
ಎಡಕಿವಿ ಮುಟ್ಟಬೇಡಿ, ಅವಳಿಗೆ ಆಗದು.
ಇದಿಷ್ಟನ್ನು ಯಾವ ಕಾಗದದಲ್ಲೂ ಬರೆದಿಲ್ಲ,
ಅದಕ್ಕೇ ಹೇಳಿದೆ.