ರಾತ್ರಿಪಾಳಿಯವರ ಮನೆಗೊಂದು ನಾಯಿ

ಪಂಪಿನ ಫುಟ್‌ವಾಲ್ವು ಎರಡನೇ ಸಲ ಕಳುವಾದಾಗ
ಅತ್ತೆ ಅಂದರು: ಇನ್ನು ನಾಯಿಯೊಂದು ಆಗಲೇಬೇಕು.
ಅವರಿಗೆ ಕಿವಿ ಮಂದ. ನನಗೆ ನಿದ್ದೆ ಹಗುರ.
ಇವರೋ ಮಳೆಗಾಲವಿಡೀ ರೈಲುಹಳಿಯ ಮೇಲೆ
ಹಾರವಾಡದ ಕಡೆಗಷ್ಟು, ಅಂಕೋಲೆಯ ಕಡೆಗಷ್ಟು,
ಗುಡ್ಡ ಜರಿದಿದೆಯೇ ಎಂದು ಟಾರ್ಚು ಬಿಟ್ಟು ನೋಡುತ್ತ
ಬೊಂಬಾಯಿಗೆ ಹೋಗುವವರ ನಿದ್ದೆ ಕಾಯುತ್ತಾರೆ.
ನಮ್ಮದಕ್ಕೆ ಸಂಬಳದ ಆಳಿಲ್ಲ.

ಮೊದಲನೆಯದನ್ನು ನೋಡಿದ್ದು ಅಮದಳ್ಳಿಯಲ್ಲಿ,
ನೇವಿಯವರ ಮನೆ. ವಿಶಾಖಪಟ್ಟಣಕ್ಕೆ ವರ್ಗ,
ಅಲ್ಸೇಶಿಯನ್ ಕೊಟ್ಟು ಹೋಗುತ್ತಾರಂತೆ, ಪುಕ್ಕಟೆ.
ಎದೆ ಅಂದರೆ ಎದೆ. ಅಜ್ಜಂದಿರ ಹೆಸರಿರುವ ಕಾಗದ ಬೇರೆ;
ನಮ್ಮ ಪಹಣಿಯಲ್ಲೂ ಅಷ್ಟು ತಲೆಮಾರು ಸರಿಯಾಗಿ ಕೂಡಿಲ್ಲ.
"ಬೈಠೋ" ಅಂದರು, ಕೂತಿತು.
"ಕೂತ್ಕೊ" ಅಂದೆ,
ನನ್ನ ತಲೆಯ ಮೇಲಿಂದ ಎಲ್ಲೋ ನೋಡಿತು.
ಫ್ಯಾನಿಲ್ಲದೆ ಮಲಗುವುದಿಲ್ಲವಂತೆ.
ಮಕ್ಕಳೆಂದರೆ ಪ್ರೀತಿಯೇ ಅಂತೆ, ಓಡದಿದ್ದರೆ.
ನಮ್ಮ ಇಂಚರಾ ಓಡದೆ ಇದ್ದದ್ದು
ಜ್ವರ ಬಂದ ಆ ಮೂರು ದಿನ ಮಾತ್ರ.

ಎರಡನೆಯದು ಮುಧೋಳದ ಮರಿ.
ಬಾಳೇಗುಳಿ ಕ್ರಾಸಿನಲ್ಲಿ ಲಾರಿಯವನೊಬ್ಬ
ಸೀಟಿನಡಿಯಿಂದ ತೆಗೆದು ತೋರಿಸಿದ:
ಕಾಲೇ ಕಾಲು, ಹೊಟ್ಟೆ ಹೋಗಿ ಬೆನ್ನಿಗಂಟಿದೆ.
ಚಂದ ಹೌದು, ಸುಳ್ಳು ಹೇಳಬಾರದು.
ಆದರೆ ಅದಕ್ಕೆ ಕಣ್ಣು ಹರಿಯುವಷ್ಟು ಬಯಲು ಬೇಕು.
ನಮ್ಮದು ಹತ್ತು ಗುಂಟೆ: ಶೇಂಗಾ, ಬದನೆ, ಒಂದು ಕರಿ ಇಶಾಡು,
ಆಚೆಗೆ ನೇರ ಹಳಿ.
ಬೆಳಿಗ್ಗೆ ಅಲ್ಲಿಂದ ಅದನ್ನು ಎತ್ತಬೇಕಾದವರು
ನಮ್ಮವರೇ.
ಕಟ್ಟಿ ಹಾಕಿ, ಅಂದ.
ಕಟ್ಟಿದ ನಾಯಿ ಹಗ್ಗವನ್ನು ಕಾಯುತ್ತದೆ, ಮನೆಯನ್ನಲ್ಲ.

ಊರೂ ಸುಮ್ಮನಿರಲಿಲ್ಲ.
ಕರಿದೇ ತನ್ನಿ. ಇಪ್ಪತ್ತು ಉಗುರಿರಲಿ.
ಹೆಣ್ಣು ಮಾತ್ರ ಬೇಡ, ಊರ ಗಂಡೆಲ್ಲ ನಿಮ್ಮ ಅಂಗಳದಲ್ಲಿ.
ಚಿರತೆ ಇಳಿದರೆ ಯಾವ ನಾಯಿಯೂ ನಾಯಿಯೇ,
ಮೊಳೆಯ ಪಟ್ಟಿ ಮಾಡಿಸಿ, ಅಂದ ಆಚಾರಿ
ಆಗಲೇ ಅಳತೆ ಟೇಪು ಬಿಚ್ಚುತ್ತ.
ಇವರು ಬೂಟು ಬಿಚ್ಚುತ್ತ ಅಂದದ್ದಿಷ್ಟೇ:
"ನೀನೇ ನೋಡು. ರಾತ್ರಿ ಇರೂದು ನೀನು."

ಶನಿವಾರ ಮೀನುಪೇಟೆ.
ಮಂಕಾಳಿಯ ಒಣಮೀನಿನ ಬುಟ್ಟಿಯ ಪಕ್ಕ ಒಂದು,
ಕಿವಿ ಒಂದೂವರೆ, ಬಣ್ಣ ಒಣಸಿಗಡಿಯದು,
ಜಾತಿ ಕೇಳಿದರೆ ಪೇಟೆಯದು.
ಬಂಗಡೆ ಮೂಗಿನಿಂದ ಗೇಣು ದೂರ. ಮುಟ್ಟುತ್ತಿಲ್ಲ.
ಕಾಗೆ ಇಳಿದರೆ ಎದ್ದು ಒಂದೇ ಒಂದು ಬೊಗಳು,
ಮತ್ತೆ ಅಲ್ಲೇ ಸುರುಳಿ.
ನಾನು ಚೌಕಾಸಿಯಲ್ಲಿದ್ದೆ. ತಿರುಗಿದರೆ
ಇಂಚರಾ ಅದರ ಬಾಯೊಳಗೆ ಕೈಯಿಟ್ಟು
ಮೀನಿನ ತಲೆ ಎಳೆಯುತ್ತಿದ್ದಾಳೆ.
ನನ್ನ ಉಸಿರು ತಕ್ಕಡಿಯ ಮುಳ್ಳಾಯಿತು.
ನಾಯಿ ದವಡೆ ಸಡಿಲಿಸಿತು. ಬಿಟ್ಟುಕೊಟ್ಟಿತು.
ಆಮೇಲೆ ಅವಳ ಮೊಣಕೈವರೆಗೂ ನೆಕ್ಕಿ
ತನ್ನ ಪಾಲು ವಸೂಲು ಮಾಡಿಕೊಂಡಿತು.
"ನೀ ನಾಯಿ ನೋಡೂದು ಎಂತಕೆ ತಂಗಿ,
ಅದು ಮಗೂನ ನೋಡೂದ ನೋಡು" ಅಂದಳು ಮಂಕಾಳಿ.
ಮಂಡಿನೋವು; ಈ ಮಳೆಗಾಲ ದಾಟಿದರೆ ಅವಳು ಪೇಟೆಗೆ ಬರುವುದಿಲ್ಲ.
ಹಣ ಕೇಳಲಿಲ್ಲ. ಒಂದು ಸೇರು ಶೇಂಗಾ ಕೇಳಿದಳು.

ರಿಕ್ಷಾ ತುಂಬ ಮೀನುನಾತ.
ಇಷ್ಟಾಗಿ ಬಂದದ್ದು ಹೆಣ್ಣೇ.
ಅತ್ತೆ ಕನ್ನಡಕ ಹಾಕಿ ಉಗುರೆಣಿಸಿದರು: ಹದಿನೇಳು.
ಆ ವಾರ ಇವರಿಗೆ ಮಿರ್ಜಾನದ ಕಡೆ ಡ್ಯೂಟಿ, ಗುಡ್ಡ ಬಿದ್ದಿತ್ತು.
ನಾಲ್ಕು ದಿನ ನಾಯಿ ಉಸಿರೆತ್ತಲಿಲ್ಲ.
ಪೋಸ್ಟಿನವನಿಗೆ ಬಾಲ, ಗ್ಯಾಸಿನವನಿಗೆ ಬಾಲ.
"ಎಂತಾ ಕಾವಲೇ ಇದು!
ಬಂದವರಿಗೆ ಚಾ ಕೊಡೂದೊಂದು ಬಾಕಿ."

ಐದನೆಯ ರಾತ್ರಿ, ಎರಡೂವರೆ.
ಬೊಗಳಲ್ಲ ಅದು, ಒಣಮರ ಸೀಳಿದ ಸದ್ದು.
ಅತ್ತೆ ಕೂಡ ಎದ್ದು ಕೂತರು.
ಕತ್ತಿ ಹಿಡಿದು ಕಿಟಕಿಯಲ್ಲಿ ಇಣುಕಿದೆ:
ದಣಪೆಯಾಚೆ ಕಿತ್ತಳೆ ಕೋಟು, ನೆಲಕ್ಕೆ ಬಿದ್ದ ಟಾರ್ಚು,
ಎರಡೂ ಕೈ ಮೇಲೆತ್ತಿ ನನ್ನ ಗಂಡ
ಇನ್‌ಸ್ಪೆಕ್ಟರಿಗೆ ವರದಿ ಒಪ್ಪಿಸುವ ಹಾಗೆ:
"ಹಮ್ಮಣ್ಣ. ಗ್ಯಾಂಗ್ ನಂಬರ್ ಹನ್ನೊಂದು. ಈ ಮನೆಯವನೇ."

ಕೂಡಲೇ ಕರೆಯಬಹುದಿತ್ತು.
ಯಾಕೋ, ಇನ್ನೆರಡು ಬೊಗಳು ಕೇಳಿಸಿಕೊಂಡೆ.

ನಿದ್ದೆಗಣ್ಣಲ್ಲಿ ಇಂಚರಾಳೇ ಹೊರಗೆ ನಡೆದಳು,
ಅರ್ಧ ಕಿವಿ ಹಿಡಿದು "ಅಪ್ಪ ಅದು" ಅಂದಳು.
ನಾಯಿ ತಡೆಯಿತು. ಬೂಟು ಮೂಸಿತು,
ಗ್ರೀಸು, ಜಲ್ಲಿ, ಮಿರ್ಜಾನದ ಕೆಂಪುಮಣ್ಣು
ಎಲ್ಲ ನಿಧಾನ ಓದಿಕೊಂಡು
ಕೊನೆಗೆ ಬಾಲ ಆಡಿಸಿತು,
ಪೋಸ್ಟಿನವನಿಗೆ ಕೊಟ್ಟದ್ದಕ್ಕಿಂತ
ತುಸು ಕಡಿಮೆ.